‘ಕಡ್ಡಾಯವಾಗಿ ಮತದಾನ ಮಾಡಿ’: ಇಲ್ಲಿ ‘ಕಡ್ಡಾಯ’ ಎಂದರೇನು?

ಮಾನ್ಯರೇ,

ಚುನಾವಣೆ ಹತ್ತಿರ ಬಂತೆಂದರೆ ಮತದಾರರಲ್ಲಿ ಜಾಗೃತಿ ಮೂಡಿಸುವ ಸ್ವೀಪ್ ಸಮಿತಿಗಳ ಬ್ಯಾನರುಗಳಲ್ಲಿಯೂ ಕಾಲೇಜು ವಿದ್ಯಾರ್ಥಿಗಳು ಜಾಥಾದಲ್ಲಿ ಹಿಡಿದು ನಡೆಯುವ ಫಲಕಗಳಲ್ಲಿಯೂ ‘ಕಡ್ಡಾಯವಾಗಿ ಮತದಾನ ಮಾಡಿ’ ಎಂಬ ಮಾತು ಕಾಣಸಿಗುತ್ತದೆ. ಹದಿನೆಂಟು ತುಂಬಿದ ಹೊಸ ಮತದಾರರಿಗೆಂದೇ ಬರೆಸಿದ ಪ್ರಕಟಣೆಗಳೂ ಇದಕ್ಕೆ ಹೊರತಲ್ಲ. ಇಲ್ಲಿಯ ‘ಕಡ್ಡಾಯ’ವನ್ನು ಯಾವ ಅರ್ಥದಲ್ಲಿ ಓದಿಕೊಳ್ಳಬೇಕು ಎಂಬುದು ನನ್ನ ಪ್ರಶ್ನೆ.

ಕಾನೂನಿನ ಅರ್ಥದಲ್ಲಿ ಓದಿದರೆ ಆ ವಾಕ್ಯ ನಿಲ್ಲುವುದಿಲ್ಲ. ಲೋಕಸಭೆ ಮತ್ತು ವಿಧಾನಸಭೆ ಚುನಾವಣೆಗಳಲ್ಲಿ ಮತ ಹಾಕಲೇಬೇಕೆಂಬ ನಿರ್ಬಂಧ ನಮ್ಮಲ್ಲಿಲ್ಲ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 79ನೇ ಕಲಂ ‘ಚುನಾವಣಾ ಹಕ್ಕು’ ಎಂಬುದನ್ನು ವಿವರಿಸುವಾಗ ಮತ ನೀಡುವ ಹಕ್ಕಿನ ಪಕ್ಕದಲ್ಲಿಯೇ ಮತ ನೀಡದೆ ಇರುವ ಹಕ್ಕನ್ನೂ ಇರಿಸಿದೆ. 2013ರಲ್ಲಿ ಸುಪ್ರೀಂ ಕೋರ್ಟು ನೋಟಾಕ್ಕೆ (‘ಮೇಲಿನ ಯಾರೂ ಅಲ್ಲ’ ಎಂಬ ಆಯ್ಕೆಗೆ) ಅವಕಾಶ ಕಲ್ಪಿಸುವಂತೆ ಆದೇಶಿಸಿದಾಗ ಈ ಕಲಮನ್ನೂ ಪರಿಶೀಲಿಸಿತ್ತು. ಹೀಗಿರುವಾಗ ‘ಮತದಾನ ನಿಮ್ಮ ಹಕ್ಕು, ಅದನ್ನು ಕಡ್ಡಾಯವಾಗಿ ಚಲಾಯಿಸಿ’ ಎಂದು ಬರೆದರೆ, ವಾಕ್ಯದ ಮೊದಲರ್ಧ ಕೊಟ್ಟದ್ದನ್ನು ಎರಡನೆಯ ಅರ್ಧ ಕಿತ್ತುಕೊಂಡಂತಾಗುತ್ತದೆ.

ಆಡುಮಾತಿನಲ್ಲಿ ಈ ಪದ ಬಹಳ ಸಡಿಲಗೊಂಡಿದೆ ಎಂಬುದನ್ನು ನಾನು ಬಲ್ಲೆ. ‘ಗೃಹಪ್ರವೇಶಕ್ಕೆ ಕಡ್ಡಾಯವಾಗಿ ಬರಬೇಕು’ ಎಂದು ಅತ್ತೆಯೋ ಚಿಕ್ಕಪ್ಪನೋ ಹೇಳಿದರೆ ಅದರಲ್ಲಿ ಅಕ್ಕರೆಯಲ್ಲದೆ ಆಜ್ಞೆಯೇನೂ ಇಲ್ಲ. ‘ತಪ್ಪಿಸಬೇಡ’ ಎಂಬಷ್ಟೇ ಅದರ ಭಾವ. ಜಾಹೀರಾತು ಬರೆದವರೂ ಇದೇ ಭಾವದಲ್ಲಿ ಬರೆದಿರಬಹುದು. ಆದರೆ ಪದದ ಅರ್ಥವನ್ನು ಅದನ್ನು ಆಡುವವರ ಬಾಯಿಯೂ ನಿರ್ಧರಿಸುತ್ತದೆಯಷ್ಟೆ. ಚಿಕ್ಕಪ್ಪನ ‘ಕಡ್ಡಾಯ’ವೇ ಬೇರೆ, ಜಿಲ್ಲಾಡಳಿತದ ಲಾಂಛನದ ಕೆಳಗೆ ಅಚ್ಚಾದ ‘ಕಡ್ಡಾಯ’ವೇ ಬೇರೆ. ಅದರಲ್ಲೂ ಕಾಲೇಜಿನ ಹುಡುಗ ಹುಡುಗಿಯರು ಈ ಪದವನ್ನು ದಿನವೂ ನೋಡುವುದು ಸೂಚನಾ ಫಲಕದಲ್ಲಿ: ‘ಶೇ 75ರಷ್ಟು ಹಾಜರಾತಿ ಕಡ್ಡಾಯ’, ‘ಗುರುತಿನ ಚೀಟಿ ಕಡ್ಡಾಯ’; ರಸ್ತೆಗೆ ಇಳಿದರೆ ‘ಹೆಲ್ಮೆಟ್ ಕಡ್ಡಾಯ’. ಇವೆಲ್ಲದರ ಬೆನ್ನಿಗೆ ದಂಡವೋ ಶಿಕ್ಷೆಯೋ ಇದ್ದೇ ಇದೆ. ಅದೇ ಸಾಲಿನಲ್ಲಿ ಮತದಾನವನ್ನೂ ತಂದು ನಿಲ್ಲಿಸಿದರೆ ಎಳೆಯ ಓದುಗರಿಗೆ ಅದು ಒತ್ತಾಯವಾಗಿ ಕೇಳಿಸೀತು. ಇಲ್ಲವೆ, ದಂಡವೇನೂ ಇಲ್ಲವೆಂದು ತಿಳಿದ ಮೇಲೆ ಪೊಳ್ಳು ಬೆದರಿಕೆಯಾಗಿ ಕೇಳಿಸೀತು. ಎರಡನೆಯದೇ ಹೆಚ್ಚು ಕೆಡುಕಿನದೆಂದು ನನ್ನ ಅನಿಸಿಕೆ.

ಇನ್ನೊಂದು ತೊಡಕೂ ಇದೆ. ‘ಕಡ್ಡಾಯ ಮತದಾನ’ ಎಂಬುದು ಒಂದು ವ್ಯವಸ್ಥೆಯ ಹೆಸರು. ಆಸ್ಟ್ರೇಲಿಯಾದಲ್ಲಿ 1924ರಿಂದ ಸಂಸತ್ ಚುನಾವಣೆಗೆ ಅದು ಜಾರಿಯಲ್ಲಿದ್ದು, ಸಕಾರಣವಿಲ್ಲದೆ ತಪ್ಪಿಸಿಕೊಂಡವರು 20 ಡಾಲರ್ ದಂಡ ತೆರಬೇಕಾಗುತ್ತದೆ. ಅಲ್ಲಿಯ ಪೌರತ್ವ ಪಡೆದ ಸಿಡ್ನಿ, ಮೆಲ್ಬರ್ನಿನ ಕನ್ನಡಿಗರಿಗೆ ಇದು ಅಕ್ಷರಶಃ ಕಡ್ಡಾಯವೇ. ಗುಜರಾತು ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಅಂಥ ಕಾನೂನನ್ನು ತಂದಿತು, 2015ರಲ್ಲಿ ಅಲ್ಲಿಯ ಹೈಕೋರ್ಟು ಅದಕ್ಕೆ ತಡೆ ನೀಡಿತು. ವಿನಂತಿಗೂ ಕಾನೂನಿಗೂ ಒಂದೇ ಪದವನ್ನು ಬಳಸುತ್ತ ಹೋದರೆ ಇಂಥ ಸುದ್ದಿಯನ್ನು ಕನ್ನಡದಲ್ಲಿ ಬರೆಯುವಾಗ ಪ್ರತಿಸಲವೂ ವಿವರಣೆ ಕೊಡಬೇಕಾದೀತು.

ಈ ಜಾಹೀರಾತುಗಳಲ್ಲಿಯೇ ‘ಕಡ್ಡಾಯ’ಕ್ಕೆ ತಕ್ಕ ಜಾಗಗಳಿವೆ ಎಂಬುದನ್ನೂ ಹೇಳಬೇಕು. ಮತಗಟ್ಟೆಗೆ ಗುರುತಿನ ಚೀಟಿಯನ್ನೋ ಆಯೋಗ ಒಪ್ಪಿದ ಬೇರೊಂದು ದಾಖಲೆಯನ್ನೋ ಒಯ್ಯುವುದು ಕಡ್ಡಾಯ. ಮತದಾರರ ಮಾಹಿತಿ ಚೀಟಿಯೊಂದನ್ನೇ ತೋರಿಸಿದರೆ ಈಗ ನಡೆಯುವುದಿಲ್ಲ. ಅದಕ್ಕೂ ಮೊದಲು ಹೊಸ ಮತದಾರರ ನೋಂದಣಿ ಅರ್ಜಿಯಾದ ನಮೂನೆ 6 ತುಂಬಿ ಪಟ್ಟಿಯಲ್ಲಿ ಹೆಸರು ಸೇರಿರಬೇಕು. 2019ರಲ್ಲಿ ರಾಜ್ಯದ ಚುನಾವಣಾ ರಾಯಭಾರಿಯಾಗಿದ್ದ ರಾಹುಲ್ ದ್ರಾವಿಡ್ ಅವರೇ ಪಟ್ಟಿಯಲ್ಲಿ ಹೆಸರಿಲ್ಲದೆ ಮತ ಹಾಕಲಾಗಲಿಲ್ಲ. ಹದಿನೇಳು ತುಂಬಿದವರು ಮುಂಚಿತವಾಗಿಯೇ ಅರ್ಜಿ ಸಲ್ಲಿಸಬಹುದೆಂಬ ವಿಷಯ, ಹದಿನೆಂಟು ತುಂಬಿರಬೇಕಾದ ಅರ್ಹತಾ ದಿನಾಂಕಗಳು ವರ್ಷದಲ್ಲಿ ನಾಲ್ಕಿವೆಯೆಂಬ ವಿಷಯ ಫಲಕದಲ್ಲಿ ದೊಡ್ಡ ಅಕ್ಷರಗಳಲ್ಲಿ ಬಂದಿದ್ದರೆ ಚೆನ್ನಾಗಿತ್ತು. (ಇದು ಪದಚರ್ಚೆಯ ಆಚೆಗಿನ ಮಾತು, ಮನ್ನಿಸಿ.)

ವಿನಂತಿಯ ಜಾಗದಲ್ಲಿ ‘ತಪ್ಪದೆ’ ಸಾಕೆಂದು ನನಗೆ ತೋರುತ್ತದೆ. ‘ತಪ್ಪದೆ ಮತ ಹಾಕಿ’ ಎಂಬುದು ಚಿಕ್ಕದು, ಸ್ಪಷ್ಟವಾದದ್ದು, ಯಾರ ಮೇಲೂ ಅಧಿಕಾರ ಚಲಾಯಿಸದ್ದು. ಕೆಲವರು ‘ತಪ್ಪದೇ’ ಎಂದು ದೀರ್ಘವಾಗಿ ಬರೆಯುತ್ತಾರೆ. ಅಲ್ಲಿ ಏಕಾರದ ಒತ್ತು ಬೇಕೆಂದು ಬರೆದದ್ದೋ ಬರಿಯ ರೂಢಿಯೋ ಎಂಬುದೂ ವಿಚಾರಿಸತಕ್ಕದ್ದೇ. ‘ಖಂಡಿತ’ ಎಂಬುದು ಮತ ಹಾಕುವವರ ಮಾತಿಗೆ ಒಪ್ಪುತ್ತದೆ: ‘ಖಂಡಿತ ಹಾಕುತ್ತೇನೆ’. ಹಾಕಿ ಎಂದು ಕೇಳಿಕೊಳ್ಳುವವರ ಮಾತಿಗೆ ಅಷ್ಟಾಗಿ ಹೊಂದುವುದಿಲ್ಲ. ‘ಪಕ್ಕಾ’ ಯುವಕರ ನಾಲಿಗೆಯ ಮೇಲಿದೆ, ಆದರೆ ಸರ್ಕಾರಿ ಫಲಕದಲ್ಲಿ ಅದನ್ನು ಕಂಡರೆ ಅವರೇ ನಕ್ಕಾರು.

ತಿಳಿದವರಲ್ಲಿ ನನ್ನ ಕೋರಿಕೆ ಇಷ್ಟು. ‘ತಪ್ಪದೆ’ ಎಂಬ ಅರ್ಥದಲ್ಲಿ ‘ಕಡ್ಡಾಯವಾಗಿ’ ಎನ್ನುವ ಬಳಕೆ ನಿಮ್ಮ ಕಡೆಯ ಹಿರಿಯರ ಮಾತಿನಲ್ಲಿಯೂ ಇತ್ತೇ, ಅಥವಾ ಕಚೇರಿಯ ಸುತ್ತೋಲೆಗಳಿಂದ ಇಳಿದು ಮನೆಮಾತಿಗೆ ಬಂದದ್ದೇ? ಧಾರವಾಡ, ಕಲಬುರಗಿ, ಕರಾವಳಿಯ ಕಡೆಯವರು ತಮ್ಮಲ್ಲಿಯ ರೂಢಿಯನ್ನು ಉದಾಹರಣೆ ಸಹಿತ ತಿಳಿಸಿದರೆ ಉಪಕಾರವಾಗುತ್ತದೆ.