ಮೂರು ಆಸಿಲೇಟರ್, ಐದು ಅಭಿಪ್ರಾಯ

ಶ್ರುತಿ ತಪ್ಪಿದ ವಾದ್ಯದ ಮುಂದೆ ನಾಲ್ವರು ಸ್ನೇಹಿತರು ಕುಳಿತರೆ ಕಾರಣಗಳು ಐದಾದರೂ ಹೊರಬೀಳುತ್ತವೆ. ಐದನೆಯದು ಕಾಫಿ ತಂದಿಟ್ಟವರದ್ದು. ಈ ಸಲ ನಮ್ಮ ಪಂಚಾಯಿತಿಗೆ ಬಂದದ್ದು ಸೀನನ ಮಿನಿಮೋಗ್. 1970ರ ದಶಕದ ಆರಂಭದಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ತಯಾರಾದ ಆ ಅನಲಾಗ್ ಸಿಂಥಸೈಜರನ್ನು ಅವನ ಭಾವ ಅಮೆರಿಕದಿಂದ ಊರಿಗೆ ಮರಳುವಾಗ ಹೊತ್ತು ತಂದು, ತಮ್ಮ ಫ್ಲ್ಯಾಟಿನಲ್ಲಿ ಜಾಗವಿಲ್ಲವೆಂದು ಇವನ ತಲೆಗೆ ಕಟ್ಟಿದ್ದರು. 44 ಮನೆಗಳ ಕೀಬೋರ್ಡು, ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಮೂರು ಆಸಿಲೇಟರು, ಇಷ್ಟಿದ್ದರೂ ಒಂದು ಸಲಕ್ಕೆ ಒಂದೇ ಸ್ವರ. ಹಗಲೆಲ್ಲ ಸಂಭಾವಿತನಂತೆ ಬಿಳಿ ಒಂದರ ಶ್ರುತಿಯಲ್ಲಿ ನಿಂತಿರುವ ಈ ಯಂತ್ರ ಸಂಜೆ ಏಳರ ಹೊತ್ತಿಗೆ ಮೆಲ್ಲನೆ ಕೆಳಕ್ಕೆ ಜಾರತೊಡಗುತ್ತದೆ ಎಂಬುದು ಸೀನನ ದೂರು.

ಪಿಟೀಲಿನ ಮೇಷ್ಟ್ರಿಗೆ ಇದೊಂದು ದೂರೆಂದೇ ಅನ್ನಿಸಲಿಲ್ಲ. “ನಾನು ಐವತ್ತು ವರ್ಷಗಳಿಂದ ಪ್ರತಿ ಕೃತಿಗೂ ಮೊದಲು ಬಿರಡೆ ತಿರುವುತ್ತಿದ್ದೇನೆ. ವಾದ್ಯ ತಾನಾಗಿಯೇ ಶ್ರುತಿಯಲ್ಲಿರಬೇಕೆಂದು ಬಯಸುವುದು ಸೋಮಾರಿತನ” ಎಂದು ಅವರು ತೀರ್ಪನ್ನೂ ಕೊಟ್ಟುಬಿಟ್ಟರು. ಸೀನನ ಅಣ್ಣನ ಮಗ ಫೋನಿನಿಂದ ತಲೆ ಎತ್ತದೆ, “ಇದೇ ಸದ್ದು ಆ್ಯಪಿನಲ್ಲಿ ಸಿಗುತ್ತದೆ ಚಿಕ್ಕಪ್ಪ, ಅದಕ್ಕೆ ಏಳು ಗಂಟೆಯೂ ಗೊತ್ತಾಗುವುದಿಲ್ಲ” ಎಂದ. ಬೇಸಿಗೆಯ ಸೆಕೆಯೇ ಕಾರಣವಿರಬೇಕೆಂದು ನಾನು ಹೇಳಿದೆ. ಕಾಫಿ ತಂದ ಸೀನನ ಹೆಂಡತಿ, ಏಳು ಗಂಟೆಗೆ ನಮ್ಮ ಬೀದಿಯಲ್ಲಿ ದೀಪವೂ ಮಂಕಾಗುತ್ತದೆಯಲ್ಲ ಎಂದು ಹೇಳಿ ಒಳಗೆ ಹೋದರು. ಆ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಸೀನ ಆಗಲೇ ಸ್ಕ್ರೂಡ್ರೈವರ್ ಹಿಡಿದು ಹಿಂಬದಿಯ ಮುಚ್ಚಳ ಬಿಚ್ಚಿದ್ದ. ರೇಡಿಯೊ, ಟೀವಿಗಳ ರಿಪೇರಿಯಲ್ಲೇ ಜೀವಮಾನ ಕಳೆದು ಈಗ ವಿಶ್ರಾಂತಿಯಲ್ಲಿರುವ ರಾಜಣ್ಣನವರು ಒಂದು ಮಾತೂ ಆಡದೆ ಅದನ್ನು ಅವನ ಕೈಯಿಂದ ತೆಗೆದು ತಮ್ಮ ಜೇಬಿಗೆ ಸೇರಿಸಿಕೊಂಡರು. ಅವರ ಅನುಭವದಲ್ಲಿ, ಕೆಟ್ಟಿದೆಯೆಂದು ಅಂಗಡಿಗೆ ಬರುವ ಯಂತ್ರಗಳಿಗಿಂತ, ಕೆಟ್ಟಿರಬಹುದೆಂದು ಮನೆಯವರೇ ಒಳಗಿನ ಹೊಂದಾಣಿಕೆಯ ತಿರುಪಾದ ಪ್ರಿಸೆಟ್ ತಿರುವಿದ ಯಂತ್ರಗಳನ್ನು ಸರಿಪಡಿಸಲು ಹೆಚ್ಚು ಹೊತ್ತು ಬೇಕು; ಏಕೆಂದರೆ ಅಲ್ಲಿ ಮೊದಲಿನ ರೋಗದ ಮೇಲೆ ಎರಡನೆಯದು ಕುಳಿತಿರುತ್ತದೆ.

“ಮೊದಲು ಇದನ್ನು ಹೇಳಿ: ಜಾರುವುದು ಒಂದೋ, ಮೂರೂವೋ?” ಎಂದು ರಾಜಣ್ಣನವರು ಕೇಳಿದರು. ಅಷ್ಟು ದಿನವೂ ಮೂರನ್ನೂ ಒಟ್ಟಿಗೆ ನುಡಿಸಿ ಒಟ್ಟಿಗೆ ಬೈಯುತ್ತಿದ್ದ ಸೀನನಿಗೆ ಈ ಪ್ರಶ್ನೆ ಹೊಳೆದಿರಲೇ ಇಲ್ಲ. ಮಿಕ್ಸರಿನಲ್ಲಿ ಪ್ರತಿ ಆಸಿಲೇಟರಿಗೂ ಬೇರೆ ಬೇರೆ ಸ್ವಿಚ್ ಇರುವುದರಿಂದ ಒಂದೊಂದನ್ನೇ ಬಿಟ್ಟು ಕೇಳುವುದು ಕಷ್ಟವಲ್ಲ. ಹಾಗೆ ಕೇಳಿದಾಗ ಮೂರನೆಯದು ಯಾವ ಮನೆ ಒತ್ತಿದರೂ ಒಂದೇ ಸ್ವರ ಹಿಡಿದು ಕೂಗುತ್ತಿತ್ತು. ಆ ಆಸಿಲೇಟರ್ ಸತ್ತೇ ಹೋಯಿತೆಂದು ಸೀನ ಕಣ್ಣರಳಿಸಿದಾಗ, ರಾಜಣ್ಣನವರು ಫಲಕದ ಎಡಭಾಗದ ಒಂದು ಸಣ್ಣ ಸ್ವಿಚ್ಚನ್ನು ಬೆರಳಿನಿಂದ ತಟ್ಟಿದರು. ಮೂರನೆಯ ಆಸಿಲೇಟರನ್ನು ಕೀಬೋರ್ಡಿನಿಂದ ಬಿಡಿಸಿ, ಸ್ವರವನ್ನು ನಡುಗಿಸುವಂಥ ಬೇರೆ ಕೆಲಸಕ್ಕೆ ಹಚ್ಚುವುದಕ್ಕೆಂದೇ ಅದನ್ನು ಇಟ್ಟಿದ್ದಾರೆ. ಸತ್ತದ್ದು ಎದ್ದು ಕುಳಿತು ಸರಿಗಮ ಹಾಡಿತು.

ಗಂಟೆ ಏಳಾಯಿತು. ಫೋನಿನ ಟ್ಯೂನರಿನಲ್ಲಿ ಮುಳ್ಳು ಎಡಕ್ಕೆ ವಾಲತೊಡಗಿತು. ಒಂದನೆಯದು, ಎರಡನೆಯದು, ಮೂರನೆಯದು ಎಲ್ಲವೂ ಹೆಚ್ಚುಕಡಿಮೆ ಸಮನಾಗಿ ಇಳಿಯುತ್ತಿದ್ದವು. “ಮೂವರು ಮಕ್ಕಳಿಗೂ ಒಂದೇ ದಿನ ಹೊಟ್ಟೆ ಕೆಟ್ಟರೆ ಮಕ್ಕಳನ್ನು ಬೈಯಬಾರದು, ಅಡುಗೆಮನೆಗೆ ಹೋಗಿ ನೋಡಬೇಕು” ಎಂದ ರಾಜಣ್ಣನವರು ಮಲ್ಟಿಮೀಟರ್ ತೆಗೆದರು.

ಸೀನ ಇಷ್ಟಕ್ಕೆ ಸೋಲೊಪ್ಪುವವನಲ್ಲ. ಹಳೆಯ ಸಿಂಥಸೈಜರುಗಳ ಶತ್ರು ಶಾಖವೆಂದು ಅವನು ಎಲ್ಲೋ ಓದಿದ್ದ, ನಾನೂ ಅದನ್ನೇ ಹೇಳಿದ್ದೆ; ಆದ್ದರಿಂದ ಬಹುಮತ ತನ್ನ ಕಡೆಗಿದೆ ಎಂದು ವಾದಿಸಿದ. ಓದಿದ್ದೇನೂ ಸುಳ್ಳಲ್ಲವೆಂದು ರಾಜಣ್ಣನವರೂ ಒಪ್ಪಿದರು. ಕೀಬೋರ್ಡು ಒಂದು ಸ್ಥಾಯಿಗೆ ಒಂದು ವೋಲ್ಟಿನ ಲೆಕ್ಕದಲ್ಲಿ ಏರಿಸುತ್ತ ಹೋಗುತ್ತದೆ, ಅಂದರೆ ಪಕ್ಕದ ಮನೆಗೆ ಸುಮಾರು 83 ಮಿಲಿವೋಲ್ಟು. ಕಂಪನಸಂಖ್ಯೆಯಾದರೋ ಪ್ರತಿ ಸ್ಥಾಯಿಗೂ ಇಮ್ಮಡಿಯಾಗಬೇಕು. ಕೂಡಿಸುತ್ತ ಹೋಗುವ ಲೆಕ್ಕವನ್ನು ಗುಣಿಸುತ್ತ ಹೋಗುವ ಲೆಕ್ಕಕ್ಕೆ ತಿರುಗಿಸುವ ಕೆಲಸವನ್ನು ಒಂದು ಟ್ರಾನ್ಸಿಸ್ಟರಿಗೆ ವಹಿಸಿರುತ್ತಾರೆ. ಅದರ ಬೇಸ್ ಎಂಬ ಕಾಲಿನಲ್ಲಿ ಒಂದು ಇಡೀ ಸ್ಥಾಯಿಗೆ ಸಿಗುವ ಜಾಗ ಸುಮಾರು 18 ಮಿಲಿವೋಲ್ಟು ಮಾತ್ರ. ಇನ್ನೊಂದೆಡೆ, ಒಂದು ಡಿಗ್ರಿ ಬಿಸಿ ಏರಿದರೆ ಅದೇ ಟ್ರಾನ್ಸಿಸ್ಟರಿನ ಬೇಸ್-ಎಮಿಟರ್ ವೋಲ್ಟೇಜು ಸುಮಾರು 2 ಮಿಲಿವೋಲ್ಟು ಇಳಿಯುತ್ತದೆ.

ಮೇಷ್ಟ್ರು ಬೆರಳೆಣಿಸಿ, “ಹಾಗಾದರೆ ಒಂದು ಡಿಗ್ರಿಗೆ ಷಡ್ಜ ಹೋಗಿ ಶುದ್ಧ ರಿಷಭವನ್ನೂ ದಾಟಿಬಿಡುತ್ತದಲ್ಲ!” ಎಂದು ಗಾಬರಿಯಾದರು.

“ದಾಟುತ್ತಿತ್ತು, ಅದಕ್ಕೇ ಒಂದರ ಬದಲು ಗುಣ ಹೊಂದುವ ಎರಡನ್ನು ಮೈಗೆ ಮೈ ತಾಗಿಸಿ ಇಡುತ್ತಾರೆ. ಒಂದರ ತಪ್ಪನ್ನು ಇನ್ನೊಂದು ಕಳೆಯುತ್ತದೆ. ಅಷ್ಟಾದರೂ ಡಿಗ್ರಿಗೆ ನೂರಕ್ಕೆ ಮೂರನೆಯ ಒಂದು ಭಾಗದಷ್ಟು ಸ್ಥಾಯಿ ಕುಗ್ಗುವುದು ಉಳಿದೇ ಉಳಿಯುತ್ತದೆ. ಸ್ಥಾಯಿಗೆ 1200 ಸೆಂಟ್ ಎಂದರೆ ಇದು ಡಿಗ್ರಿಗೆ 4 ಸೆಂಟ್. ಹತ್ತು ಡಿಗ್ರಿ ಏರಿದರೆ ತಾರ ಷಡ್ಜ ಮುಕ್ಕಾಗುತ್ತದೆ. ಬಿಸಿಯೇರಿದಂತೆ ತಡೆಯೂ ಏರುವ ರೆಸಿಸ್ಟರೊಂದನ್ನು ಹಾಕಿ ಅದನ್ನೂ ಸರಿದೂಗಿಸಬಹುದು.”

ಇಷ್ಟು ಹೇಳಿ ರಾಜಣ್ಣನವರು ಸೀನನ ಬಹುಮತವನ್ನು ಮುರಿದರು. ಶಾಖದ ತಪ್ಪಾದರೆ ಮೂರು ಆಸಿಲೇಟರೂ ಮೂರು ದಾರಿ ಹಿಡಿಯುತ್ತವೆ, ಹೀಗೆ ಕವಾಯತು ಮಾಡುವುದಿಲ್ಲ. ಅಲ್ಲದೆ ಮಧ್ಯಾಹ್ನ ಮೂರಕ್ಕೆ ಬೆವರದ ಯಂತ್ರ ಸಂಜೆ ಏಳಕ್ಕೆ ಏಕೆ ಬೆವರಬೇಕು? ಮೀಟರಿನಲ್ಲಿ 10 ವೋಲ್ಟು ಇರಬೇಕಾದ ಕಡೆ 9.7 ಇತ್ತು, ನಾವು ನೋಡುತ್ತಿದ್ದಂತೆಯೇ 9.6 ಆಯಿತು. ಭಾವನವರು ಜೊತೆಗೇ ಕಳುಹಿಸಿದ್ದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು 115ಕ್ಕೆ ಇಳಿಸುವಂಥದ್ದು. ಬೀದಿಯವರೆಲ್ಲ ದೀಪ, ಟೀವಿ, ಗೀಸರ್ ಹಾಕುವ ಹೊತ್ತಿಗೆ ಗೋಡೆಯಲ್ಲಿ 190 ಉಳಿದರೆ ಇದರಲ್ಲಿ 95 ಉಳಿಯುತ್ತದೆ. ಅದರ ಜೊತೆಗೆ ಪವರ್ ಸಪ್ಲೈನ ದೊಡ್ಡ ಕಂಡೆನ್ಸರುಗಳು ಅರ್ಧ ಶತಮಾನದಲ್ಲಿ ಒಣಗಿ, ಏರಿಳಿತವನ್ನು ತುಂಬಿಕೊಡುವ ಶಕ್ತಿ ಕಳೆದುಕೊಂಡಿದ್ದವು. ವೋಲ್ಟೇಜನ್ನು ಸ್ಥಿರವಾಗಿಡುವ ರೆಗ್ಯುಲೇಟರಿಗೆ ಕೈಹಾಕಲು ಮಿಗುತಾಯವೇ ಇಲ್ಲದೆ ಹೋದಾಗ ಯಂತ್ರದ ಎಲ್ಲ ಅಳತೆಗಳಿಗೂ ಆಧಾರವಾದ ವೋಲ್ಟೇಜೇ ಕುಸಿಯುತ್ತದೆ. ಮೂರು ಆಸಿಲೇಟರೂ ಅದರ ಹಿಂದೆಯೇ ಇಳಿಯುತ್ತವೆ. ಒಳಗಿನಿಂದ, “ನಾನು ಆಗಲೇ ಹೇಳಿದೆನಲ್ಲ” ಎಂಬ ಮಾತು ಕೇಳಿಸಿತು. ಈ ಮನೆಯಲ್ಲಿ ಆ ಮಾತಿನ ಶ್ರುತಿ ಯಾವ ಹವೆಯಲ್ಲೂ ಕದಲುವುದಿಲ್ಲ.

ಎಸ್.ಪಿ. ರಸ್ತೆಯಿಂದ ಕಂಡೆನ್ಸರುಗಳೂ ಒಂದು ಸ್ಟೆಬಿಲೈಸರೂ ಬಂದವು. ಬೆಸುಗೆ ಮುಗಿದ ಮೇಲೆ ಏಳು ಗಂಟೆಯ ಕಾಟ ನಿಂತಿತು. ಮೂರನೆಯ ಆಸಿಲೇಟರ್ ಮಾತ್ರ ಮಂದ್ರದಲ್ಲಿ ಸರಿಯಾಗಿದ್ದು ತಾರಕ್ಕೆ ಹೋದಂತೆ ತಗ್ಗುತ್ತಿತ್ತು. ಈಗ ತಿರುವಬಹುದು ಎಂದು ರಾಜಣ್ಣನವರು ಅಪ್ಪಣೆ ಕೊಟ್ಟರು, ಸ್ಕ್ರೂಡ್ರೈವರನ್ನು ಮಾತ್ರ ಕೊಡಲಿಲ್ಲ. ಯಂತ್ರ ಅರ್ಧ ಗಂಟೆ ಹೊತ್ತಿಕೊಂಡಿರಬೇಕು, ಫ್ಯಾನ್ ಆರಿಸಬೇಕು ಎಂಬುದು ಅವರ ಷರತ್ತು. ಏಪ್ರಿಲ್ ತಿಂಗಳ ಮಧ್ಯಾಹ್ನ, ಮುಚ್ಚಿದ ಕಿಟಕಿ, ಐದು ಜನ. ಕೆಳಗಿನ ಸ್ವರವನ್ನು ಒಂದು ಪ್ರಿಸೆಟ್ಟಿನಿಂದ ಕೂರಿಸಿ, ಮೇಲಿನದನ್ನು ಇನ್ನೊಂದರಿಂದ ಎತ್ತಿದರೆ ಕೆಳಗಿನದು ಮತ್ತೆ ಚೂರು ಕದಲುತ್ತದೆ. ಅದನ್ನು ಕೂರಿಸಿದರೆ ಇದು ಕದಲುತ್ತದೆ. ಪ್ರತಿ ಸುತ್ತಿಗೂ ತಪ್ಪು ಕಿರಿದಾಗುತ್ತ ಬರುವುದೊಂದೇ ಸಮಾಧಾನ.

ಇಲ್ಲಿ ಮೇಷ್ಟ್ರ ಕಿವಿ ಟ್ಯೂನರಿಗಿಂತ ಚುರುಕಾಗಿ ಕೆಲಸ ಮಾಡಿತು. ಎರಡನೆಯದನ್ನೂ ಮೂರನೆಯದನ್ನೂ ಕೂಡಿಸಿದಾಗ ದನಿ ಏರಿ ಇಳಿಯುತ್ತ ಏಳುವ ಅಲೆಯನ್ನು ಅವರು ತೊಡೆಯ ಮೇಲೆ ತಾಳದಂತೆ ಎಣಿಸುತ್ತಿದ್ದರು. 440 ಮತ್ತು 441ರ ನಡುವೆ ಸೆಕೆಂಡಿಗೆ ಒಂದು ಅಲೆ. ಒಂದು ಸ್ಥಾಯಿ ಮೇಲೆ ಹೋದಾಗ ಅಲೆ ಸರಿಯಾಗಿ ಇಮ್ಮಡಿಯಾದರೆ ಸ್ಥಾಯಿಯ ಅಳತೆ ಸರಿ ಇದೆ, ಗುಂಡಿ ತಿರುವಿ ಕೂಡಿಸಿದರಾಯಿತು. ಬೇರೆ ಲೆಕ್ಕದಲ್ಲಿ ಓಡಿದರೆ ಅಳತೆಯೇ ತಪ್ಪಿದೆ. ಕೊನೆಗೊಮ್ಮೆ ಅಲೆ ನಿಂತಿತು. ಎಲ್ಲರೂ ಉಸಿರು ಬಿಡುವಷ್ಟರಲ್ಲಿ ಮತ್ತೆ ಎದ್ದಿತು. ನೋಡಿದರೆ ಸೆಕೆ ತಡೆಯಲಾರದೆ ಮೇಷ್ಟ್ರೇ ದಿನಪತ್ರಿಕೆ ಬೀಸಿಕೊಳ್ಳುತ್ತಿದ್ದರು. ಆ ಗಾಳಿ ಬೋರ್ಡಿಗೆ ಬಡಿದು ಟ್ರಾನ್ಸಿಸ್ಟರ್ ತಂಪಾಗಿ ಸ್ವರ ಕದಲಿತ್ತು. ಪತ್ರಿಕೆ ಮುಟ್ಟುಗೋಲಾಯಿತು.

“ಇದೇ ಮಿನಿಮೋಗಿನ ಮುಂದಿನ ಬೋರ್ಡುಗಳಲ್ಲಿ, ತನ್ನೊಳಗೇ ಹೀಟರ್ ಇಟ್ಟುಕೊಂಡು ಸದಾ ಒಂದೇ ಬಿಸಿಯಲ್ಲಿರುವ ಟ್ರಾನ್ಸಿಸ್ಟರ್ ಜೋಡಿಯನ್ನು ಹಾಕಿದರು. ಹೊರಗಿನ ಸೆಕೆಗೆ ಒಳಗಿನ ಸೆಕೆಯೇ ಮದ್ದು” ಎಂದು ರಾಜಣ್ಣನವರು ಹಣೆ ಒರೆಸಿಕೊಂಡರು. ನಮಗೂ ಅಂಥದೊಂದು ಏರ್ಪಾಟು ಇದ್ದಿದ್ದರೆ ಎಂದು ನನಗೆ ಅನ್ನಿಸಿತು.

ಕಡೆಗೆ ಮೂರೂ ಕೂಡಿದವು. ಸೀನ ಹಿಗ್ಗಿದ. ಮೇಷ್ಟ್ರು ಮಾತ್ರ ಮುಖ ಸಿಂಡರಿಸಿ, ಮೂವರು ಹಾಡುವ ಕಡೆ ಈಗ ಒಬ್ಬನೇ ಜೋರಾಗಿ ಕೂಗಿದ ಹಾಗಿದೆ, ಮೊದಲಿನ ತುಂಬು ದನಿ ಎಲ್ಲಿ ಹೋಯಿತು ಎಂದು ಕೇಳಿದರು. ಇದಕ್ಕೆ ಉತ್ತರ ಹುಡುಗನಲ್ಲಿತ್ತು. 1978ರಲ್ಲಿ ಬಂದ ಪ್ರಾಫೆಟ್-5 ಎಂಬ ಸಿಂಥಸೈಜರ್ ತನ್ನ ಹತ್ತು ಆಸಿಲೇಟರುಗಳನ್ನು ಒಂದು ಗುಂಡಿ ಒತ್ತಿದರೆ ತಾನೇ ಶ್ರುತಿ ಮಾಡಿಕೊಳ್ಳುತ್ತಿತ್ತಂತೆ. ಅದೇ ವಾದ್ಯ 2020ರಲ್ಲಿ ಮರಳಿ ಬಂದಾಗ, ಹಳೆಯ ಯಂತ್ರದ ಹಾಗೆ ಬೇಕಾದಷ್ಟು ಶ್ರುತಿ ಕೆಡಿಸಿಕೊಳ್ಳಲು ‘ವಿಂಟೇಜ್’ ಎಂಬ ಹೆಸರಿನ ಬೇರೆ ಗುಂಡಿಯನ್ನೇ ಇಟ್ಟಿದ್ದಾರಂತೆ. ಮುಂಗಡ ಕೊಟ್ಟು ಕೊಳ್ಳುವ ತಪ್ಪನ್ನು ನಾವು ಪುಕ್ಕಟೆಯಾಗಿ ಸರಿಪಡಿಸಿಬಿಟ್ಟೆವೇ ಎಂದು ಸೀನ ಪೆಚ್ಚಾದ. ಎರಡನೆಯ ಆಸಿಲೇಟರಿನ ಗುಂಡಿಯನ್ನು ಕೂದಲೆಳೆಯಷ್ಟು ತಿರುವಿ ಅಲೆಯನ್ನು ಬೇಕಾದ ವೇಗಕ್ಕೆ ತರಬಹುದು, ಅದಕ್ಕೆ ಒಳಗಿನ ಪ್ರಿಸೆಟ್ ಮುಟ್ಟಬೇಕಿಲ್ಲ ಎಂದು ರಾಜಣ್ಣನವರು ತೋರಿಸಿದ ಮೇಲೆ ಮೇಷ್ಟ್ರ ಮುಖವೂ ಅರಳಿತು.

ಮುಚ್ಚಳ ಹಾಕುವ ಮೊದಲು ರಾಜಣ್ಣನವರು ಒಂದು ಶೀಶೆ ಉಗುರು ಬಣ್ಣ ಕೇಳಿದರು. ಪ್ರಿಸೆಟ್ಟಿನ ತಲೆಯ ಮೇಲೆ ಒಂದು ಹನಿ ಬಿಟ್ಟರೆ ಯಾರಾದರೂ ತಿರುವಿದಾಗ ಬಣ್ಣ ಒಡೆದು ಗುಟ್ಟು ರಟ್ಟಾಗುತ್ತದೆ. ರಿಪೇರಿಯವರು ಹಿಂದಿನಿಂದಲೂ ಮಾಡುವ ಉಪಾಯವಿದು. ಸೀನನ ಹೆಂಡತಿ ತಮ್ಮಲ್ಲಿದ್ದ ಕಡುಗೆಂಪು ಬಣ್ಣದ ಶೀಶೆ ತಂದುಕೊಟ್ಟರು, ಹನಿ ಒಣಗುವವರೆಗೂ ಅಲ್ಲೇ ನಿಂತಿದ್ದರು, ಆಮೇಲೆ ಶೀಶೆಯನ್ನು ಒಯ್ದು ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡರು.