ಚೇತನನ ಮೈನಿಂಗ್ ರಿಗ್: ಮುಂಗಡ ಕೊಡುವ ಮೊದಲು ಇಷ್ಟನ್ನು ಕೇಳಿ

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ನನ್ನ ಅಣ್ಣನ ಮಗ ಚೇತನ್ ನಮ್ಮ ಕುಟುಂಬದ ಗುಂಪಿನಲ್ಲಿ ಹಾಕಿದ ಸಂದೇಶವನ್ನು ನಾನು ಇಂದು ಬೆಳಿಗ್ಗೆ ಓದಿದೆ. ಬೆಂಗಳೂರಿನಲ್ಲಿ ಒಬ್ಬರು ಆರು ಹಳೆಯ ಗ್ರಾಫಿಕ್ಸ್ ಕಾರ್ಡ್‌ಗಳನ್ನು ಒಟ್ಟಿಗೆ ಮಾರುತ್ತಿದ್ದಾರೆ, ಎಲ್ಲವೂ ಆರ್‌ಟಿಎಕ್ಸ್ 3060 ಟಿಐ, ಅವನ್ನು ಕೊಂಡು ದಾವಣಗೆರೆ ಮನೆಯ ಮಹಡಿ ಕೋಣೆಯಲ್ಲಿ ರಿಗ್ ಕಟ್ಟುತ್ತೇನೆ, ಹಣಕ್ಕೆ ಅಪ್ಪನ ಗ್ರಾಚ್ಯುಟಿಯಿಂದ ಸ್ವಲ್ಪ ತೆಗೆದರೆ ಸಾಕು ಎಂದು ಅವನು ಬರೆದಿದ್ದಾನೆ. ಮನೆಯಲ್ಲಿ ಕುಳಿತೇ ಬಿಟ್‌ಕಾಯಿನ್ ಬರುವುದಾದರೆ ಬೇಡ ಎನ್ನುವುದೇಕೆ ಎಂದು ಸುಧಕ್ಕ ಕೇಳಿದ್ದಾರೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಮೈನಿಂಗ್ ಎಂದರೆ ಕ್ರಿಪ್ಟೊ ನಾಣ್ಯದ ಜಾಲಕ್ಕಾಗಿ ಕಂಪ್ಯೂಟರ್‌ನಿಂದ ಬಿಡದೆ ಲೆಕ್ಕ ಮಾಡಿಸಿ ಪ್ರತಿಫಲವಾಗಿ ನಾಣ್ಯ ಪಡೆಯುವುದು, ಅದಕ್ಕೆಂದು ಹಲವು ಕಾರ್ಡ್‌ಗಳನ್ನು ಜೋಡಿಸಿದ ಯಂತ್ರವೇ ರಿಗ್. ನಾನು 2021ರ ಜೂನ್‌ನಿಂದ 2022ರ ಸೆಪ್ಟೆಂಬರ್‌ವರೆಗೆ ಮೈಸೂರಿನ ನಮ್ಮ ಮನೆಯಲ್ಲಿ ಇದೇ ಕೆಲಸವನ್ನು ನಾಲ್ಕು ಕಾರ್ಡ್‌ಗಳಿಂದ ಮಾಡಿದ್ದರಿಂದ, ಉತ್ತರ ದೀರ್ಘವಾದರೂ ಪೂರ್ತಿಯಾಗಿಯೇ ಹೇಳುತ್ತೇನೆ. ಅಣ್ಣ, ಅತ್ತಿಗೆ, ನೀವಿಬ್ಬರೂ ಕೊನೆಯವರೆಗೆ ಕೇಳಬೇಕೆಂಬುದು ನನ್ನ ವಿನಂತಿ.

ಮೊದಲು ಸುಧಕ್ಕನ ಮಾತಿಗೆ ಬರುತ್ತೇನೆ. ಗ್ರಾಫಿಕ್ಸ್ ಕಾರ್ಡ್‌ನಿಂದ ಬಿಟ್‌ಕಾಯಿನ್ ತೆಗೆಯುವ ಕಾಲ 2013ರ ಹೊತ್ತಿಗೇ ಮುಗಿಯಿತು. ಆ ಒಂದೇ ಲೆಕ್ಕವನ್ನು ಮಾಡಲೆಂದು ತಯಾರಾದ ಏಸಿಕ್ ಯಂತ್ರಗಳು ಬಂದ ಮೇಲೆ ಅವುಗಳ ಮುಂದೆ ಯಾವ ಗ್ರಾಫಿಕ್ಸ್ ಕಾರ್ಡ್ ಕೂಡ ನಿಲ್ಲಲಾರದು. ನೈಸ್‌ಹ್ಯಾಶ್‌ನಂಥ ಸೇವೆಗಳಲ್ಲಿ ನಮ್ಮ ಕಾರ್ಡ್ ಬೇರೆ ಯಾವುದೋ ನಾಣ್ಯದ ಲೆಕ್ಕ ಮಾಡುತ್ತಿದ್ದರೂ ಹಣವನ್ನು ಬಿಟ್‌ಕಾಯಿನ್ ರೂಪದಲ್ಲಿ ಕೊಡುತ್ತಾರೆ, ಅದರಿಂದಲೇ ಈ ತಪ್ಪು ತಿಳಿವಳಿಕೆ ಹರಡಿದೆ.

ಮನೆಮನೆಯಲ್ಲಿ ರಿಗ್ ಕಟ್ಟುವಂತೆ ಮಾಡಿದ ನಾಣ್ಯ ಈಥೀರಿಯಂ. ಚೇತನ್, ಇದರ ಒಳಗುಟ್ಟು ನಿನಗೆ ಇಷ್ಟವಾಗುತ್ತದೆ, ಸ್ವಲ್ಪ ಗಮನವಿಟ್ಟು ಕೇಳು. ಈಥೀರಿಯಂ ಬಳಸುತ್ತಿದ್ದ ಈಥ್ಯಾಶ್ ಎಂಬ ವಿಧಾನದಲ್ಲಿ ಕಾರ್ಡ್‌ನ ಮೆಮೊರಿಯೊಳಗೆ ಹಲವು ಗಿಗಾಬೈಟ್‌ಗಳ ಒಂದು ದೊಡ್ಡ ಕೋಷ್ಟಕ ಕುಳಿತಿರುತ್ತಿತ್ತು, ಅದಕ್ಕೆ ಡ್ಯಾಗ್ ಎಂದು ಹೆಸರು. ಒಂದೊಂದು ಹ್ಯಾಶ್‌ಗೂ, ಅಂದರೆ ಒಂದು ಸಲದ ಲೆಕ್ಕಕ್ಕೂ, ಆ ಕೋಷ್ಟಕದಿಂದ 64 ಬಾರಿ, ಬಾರಿಗೆ 128 ಬೈಟ್‌ನಂತೆ, ಅಂದರೆ ಒಟ್ಟು 8 ಕಿಲೋಬೈಟ್ ಓದಬೇಕಿತ್ತು. 3060 ಟಿಐ ಕಾರ್ಡ್‌ನ ಮೆಮೊರಿ ಸೆಕೆಂಡಿಗೆ 448 ಗಿಗಾಬೈಟ್ ಸಾಗಿಸಬಲ್ಲದು. ಅದನ್ನು 8 ಕಿಲೋಬೈಟ್‌ನಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 55 ಮೆಗಾಹ್ಯಾಶ್ (ಒಂದು ಮೆಗಾಹ್ಯಾಶ್ ಎಂದರೆ ಹತ್ತು ಲಕ್ಷ ಹ್ಯಾಶ್) ಬರುತ್ತದೆ. ಮೆಮೊರಿಯ ವೇಗವನ್ನು ಸ್ವಲ್ಪ ಏರಿಸಿದರೆ 60 ಮುಟ್ಟುತ್ತಿತ್ತು, ನನ್ನ ಕಾರ್ಡ್‌ಗಳು ಕೊಡುತ್ತಿದ್ದುದೂ ಅಷ್ಟೇ. ಲೆಕ್ಕ ಮಾಡುವ ಚಿಪ್‌ನ ಶಕ್ತಿ ಇಲ್ಲಿ ಹೆಚ್ಚು ಬೇಕಿರಲಿಲ್ಲವಾದ್ದರಿಂದ ಅದರ ವೇಗವನ್ನು ಇಳಿಸಿ, 200 ವ್ಯಾಟ್ ಎಳೆಯುವ ಕಾರ್ಡ್‌ನಿಂದ 120 ವ್ಯಾಟ್‌ನಲ್ಲೇ ಅಷ್ಟೂ ಕೆಲಸ ತೆಗೆಯಬಹುದಾಗಿತ್ತು. ಈ ಹೊಂದಾಣಿಕೆಯನ್ನು ಕಲಿಯುತ್ತ ಕಳೆದ ಸಂಜೆಗಳು ನನಗೆ ಇಂದಿಗೂ ಪ್ರಿಯವಾದವು, ಆದ್ದರಿಂದ ನಿನ್ನ ಆಸೆಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ.

ಆದರೆ 2022ರ ಸೆಪ್ಟೆಂಬರ್ 15ರಂದು ಈಥೀರಿಯಂ ತನ್ನ ಮೈನಿಂಗ್ ಅನ್ನೇ ನಿಲ್ಲಿಸಿತು. ಅದನ್ನು ಮರ್ಜ್ ಎಂದು ಕರೆಯುತ್ತಾರೆ. ಲೆಕ್ಕ ಮಾಡಿದವರಿಗೆ ಪ್ರತಿಫಲ ಕೊಡುವ ಬದಲು ನಾಣ್ಯವನ್ನು ಅಡವಿಟ್ಟವರಿಗೆ ವ್ಯವಹಾರಗಳನ್ನು ದೃಢಪಡಿಸುವ ಹೊಣೆಯನ್ನು ವಹಿಸುವ ಪದ್ಧತಿಗೆ ಅದು ಬದಲಾಯಿತು. ಅಂದಿನಿಂದ ಅಲ್ಲಿ ಗ್ರಾಫಿಕ್ಸ್ ಕಾರ್ಡ್‌ಗೆ ಕೆಲಸವೇ ಇಲ್ಲ. ನೀನು ಹಂಚಿಕೊಂಡ ವಿಡಿಯೊದಲ್ಲಿ ಆರು ಕಾರ್ಡ್‌ಗಳಿಂದ 360 ಮೆಗಾಹ್ಯಾಶ್ ಎಂದು ತೋರಿಸುತ್ತಿರುವುದು ಆ ದಿನಕ್ಕಿಂತ ಹಿಂದಿನ ಕಾಲದ್ದು.

ಹಾಗಾದರೆ ಆ ಕಾರ್ಡ್‌ಗಳೆಲ್ಲ ಎಲ್ಲಿಗೆ ಹೋದವು ಎಂಬ ಪ್ರಶ್ನೆಯಲ್ಲೇ ಇಂದಿನ ಕಷ್ಟದ ಕಾರಣವಿದೆ. ಮೈನಿಂಗ್‌ನಲ್ಲಿ ಒಂದು ನಾಣ್ಯದ ಜಾಲವು ದಿನವೊಂದಕ್ಕೆ ಹಂಚುವ ಪ್ರತಿಫಲ ಹೆಚ್ಚುಕಡಿಮೆ ನಿಗದಿಯಾಗಿರುತ್ತದೆ, ದುಡಿಯುವವರು ಎಷ್ಟೇ ಜನ ಬಂದರೂ ರಾಶಿ ದೊಡ್ಡದಾಗುವುದಿಲ್ಲ, ಪಾಲು ಮಾತ್ರ ಚಿಕ್ಕದಾಗುತ್ತದೆ. ಮರ್ಜ್‌ಗೆ ಮುಂಚಿನ ವಾರಗಳಲ್ಲಿ ಈಥೀರಿಯಂ ಜಾಲದ ಒಟ್ಟು ವೇಗ 900 ಟೆರಾಹ್ಯಾಶ್‌ನ ಆಸುಪಾಸಿನಲ್ಲಿತ್ತು, ಒಂದು ಟೆರಾ ಎಂದರೆ ಹತ್ತು ಲಕ್ಷ ಮೆಗಾ. 360 ಮೆಗಾಹ್ಯಾಶ್‌ನ ಒಂದು ರಿಗ್ ಅದರಲ್ಲಿ 25 ಲಕ್ಷದಲ್ಲೊಂದು ಪಾಲು. ಮೈನಿಂಗ್‌ನಿಂದ ದಿನಕ್ಕೆ ಸುಮಾರು 13,000 ಈಥರ್ (ಈಥೀರಿಯಂ ಜಾಲದ ನಾಣ್ಯ) ಹುಟ್ಟುತ್ತಿದ್ದಾಗ ಆ ಪಾಲಿಗೆ ಬರುತ್ತಿದ್ದುದು 0.0052 ಈಥರ್. ಆ ಜಾಲ ಮುಚ್ಚಿದೊಡನೆ ಲಕ್ಷಾಂತರ ಕಾರ್ಡ್‌ಗಳು ಈಥೀರಿಯಂ ಕ್ಲಾಸಿಕ್, ರೇವನ್‌ಕಾಯಿನ್, ಎರ್ಗೊ ಮುಂತಾದ ಚಿಕ್ಕ ನಾಣ್ಯಗಳ ಕಡೆಗೆ ನುಗ್ಗಿದವು. ದೊಡ್ಡ ಕೆರೆಯ ನೀರನ್ನೆಲ್ಲ ಒಂದು ಹೊಂಡಕ್ಕೆ ತಿರುಗಿಸಿದಂತಾಗಿ, ಕೆಲವೇ ದಿನಗಳಲ್ಲಿ ಅಲ್ಲಿನ ಪಾಲು ಕರೆಂಟ್ ಬಿಲ್‌ಗಿಂತ ಕೆಳಗಿಳಿಯಿತು. ಮುಂದೆ ಕ್ಯಾಸ್ಪಾದಂಥ ನಾಣ್ಯ ಸ್ವಲ್ಪ ಆಸೆ ಹುಟ್ಟಿಸಿತಾದರೂ 2023ರಲ್ಲಿ ಅದಕ್ಕೂ ಏಸಿಕ್ ಯಂತ್ರಗಳು ಬಂದವು. ನಿನಗೆ ಆರು ಕಾರ್ಡ್‌ಗಳು ಈಗ ಅಗ್ಗವಾಗಿ ಸಿಗುತ್ತಿರುವುದಕ್ಕೂ ಇದೇ ಹಿನ್ನೆಲೆ.

ಈಗ ಮನೆಯ ಮೀಟರ್ ಲೆಕ್ಕ. ಅಣ್ಣ, ಈ ಭಾಗವನ್ನು ನಿಮಗಾಗಿ ಹೇಳುತ್ತಿದ್ದೇನೆ. ಆರು ಕಾರ್ಡ್‌ಗಳಿಗೆ 720 ವ್ಯಾಟ್, ಮದರ್‌ಬೋರ್ಡ್ ಮತ್ತು ಫ್ಯಾನ್‌ಗಳಿಗೆ ಇನ್ನಷ್ಟು, ಪವರ್ ಸಪ್ಲೈನೊಳಗೆ ಆಗುವ ನಷ್ಟ, ಎಲ್ಲ ಸೇರಿ ಗೋಡೆಯ ಸಾಕೆಟ್‌ನಿಂದ 900 ವ್ಯಾಟ್ ಹೋಗುತ್ತದೆಂದು ಇಟ್ಟುಕೊಳ್ಳಿ. ಹಗಲು ರಾತ್ರಿ ಓಡಿದರೆ ದಿನಕ್ಕೆ 21.6 ಯೂನಿಟ್, ತಿಂಗಳಿಗೆ 648 ಯೂನಿಟ್. ತೆರಿಗೆ ಇತ್ಯಾದಿ ಸೇರಿ ಯೂನಿಟ್‌ಗೆ 7 ರೂಪಾಯಿ ಎಂದು ಹಿಡಿದರೂ ತಿಂಗಳಿಗೆ 4,500 ರೂಪಾಯಿ ದಾಟುತ್ತದೆ. ನಿಮ್ಮ ಮನೆಗೆ ಗೃಹಜ್ಯೋತಿ ಯೋಜನೆಯಡಿ ಶೂನ್ಯ ಬಿಲ್ ಬರುತ್ತಿದೆ. ಬಳಕೆ 200 ಯೂನಿಟ್ ದಾಟಿದ ತಿಂಗಳು ಆ ಸೌಲಭ್ಯ ಸಿಗುವುದಿಲ್ಲ, ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ, ಅಂದರೆ ರಿಗ್‌ನ ಖರ್ಚಿನ ಜೊತೆಗೆ ಇಂದು ಉಚಿತವಾಗಿರುವ ಫ್ರಿಜ್, ಮೋಟಾರು, ಮಿಕ್ಸಿಯ ಖರ್ಚೂ ನಿಮ್ಮ ಮೇಲೆ ಬೀಳುತ್ತದೆ. ರಿಗ್‌ನ ಕರೆಂಟ್ ಒಂದನ್ನೇ ಲೆಕ್ಕ ಹಿಡಿದರೂ ಪ್ರತಿ ಕಾರ್ಡ್ ದಿನಕ್ಕೆ 25 ರೂಪಾಯಿ ದುಡಿದರೆ ಮಾತ್ರ ಸರಿದೂಗುತ್ತದೆ. ಚೇತನ್, ಮೈನಿಂಗ್‌ನ ಲಾಭ ನಷ್ಟ ಲೆಕ್ಕ ಹಾಕಿಕೊಡುವ ವಾಟ್‌ಟುಮೈನ್ ತಾಣದಲ್ಲಿ 3060 ಟಿಐ ಆರಿಸಿಕೊಂಡು ನಮ್ಮ ಯೂನಿಟ್ ದರ ಹಾಕಿ, ಇಂದು ಒಂದು ಕಾರ್ಡ್ 25 ರೂಪಾಯಿ ಮುಟ್ಟುತ್ತದೆಯೇ ಎಂದು ನೀನೇ ನೋಡು. ಆದಾಯದ ಕಾಲಂ ಬೇರೆ, ಲಾಭದ ಕಾಲಂ ಬೇರೆ ಎಂಬುದನ್ನು ಮರೆಯಬೇಡ.

ತೆರಿಗೆಯ ವಿಷಯ ಇನ್ನೂ ಬಿಗಿಯಾಗಿದೆ. 2022ರ ಏಪ್ರಿಲ್ 1ರಿಂದ ಕ್ರಿಪ್ಟೊ ಮಾರಾಟದ ಲಾಭಕ್ಕೆ ಶೇ 30ರಷ್ಟು ತೆರಿಗೆ, ಅದರ ಮೇಲೆ ಸೆಸ್. ಅದೇ ವರ್ಷ ಜುಲೈಯಿಂದ ಮಾರುವಾಗ ಶೇ 1ರಷ್ಟು ಟಿಡಿಎಸ್. ಕೊಂಡ ಬೆಲೆಯ ಹೊರತು ಬೇರಾವ ಖರ್ಚನ್ನೂ ಕಳೆಯುವಂತಿಲ್ಲ, ಮೈನಿಂಗ್‌ಗೆ ಹೂಡಿದ ಸಾಧನಗಳ ವೆಚ್ಚವನ್ನು ಕೊಂಡ ಬೆಲೆಯೆಂದು ಪರಿಗಣಿಸುವುದಿಲ್ಲವೆಂದು ಕೇಂದ್ರ ಸರ್ಕಾರ ಸಂಸತ್ತಿನಲ್ಲೇ ಹೇಳಿದೆ. ಇದರರ್ಥ, ತಿಂಗಳಿಗೆ 6,000 ರೂಪಾಯಿಯ ನಾಣ್ಯ ಬಂದು 4,500 ರೂಪಾಯಿ ಕರೆಂಟ್‌ಗೆ ಹೋದರೂ ತೆರಿಗೆ ಉಳಿದ 1,500ರ ಮೇಲಲ್ಲ. 6,000ದ ಮೇಲೆ ಶೇ 30 ಎಂದರೆ 1,800, ಅಲ್ಲಿಗೆ ಉಳಿದದ್ದೂ ಹೋಗಿ ಕೈಯಿಂದ 300 ಹಾಕಬೇಕಾಗುತ್ತದೆ. ಹಾಗೆಂದು ಯಾರ ಕಣ್ಣಿಗೂ ಬೀಳದಂತೆ ಮಾಡಿದರಾಯಿತು ಎಂಬ ಸಲಹೆಯನ್ನು ಈ ಗುಂಪಿನಲ್ಲಿ ಯಾರೂ ಕೊಡಬಾರದು.

ಇಷ್ಟೆಲ್ಲ ಹಣದ ಮಾತಾಯಿತು. ನನಗೆ ಇದಕ್ಕಿಂತ ಹೆಚ್ಚು ಕಾಡುತ್ತಿರುವುದು ಆ ಮಹಡಿ ಕೋಣೆ. ನನ್ನ ಮನೆಯಲ್ಲಿ ನಡೆದದ್ದನ್ನು ಇದುವರೆಗೆ ನಾನು ಯಾರಿಗೂ ಪೂರ್ತಿ ಹೇಳಿರಲಿಲ್ಲ. ಒಂದು ಮದರ್‌ಬೋರ್ಡ್‌ಗೆ ಹಲವು ಕಾರ್ಡ್‌ಗಳನ್ನು ಜೋಡಿಸಲು ರೈಸರ್ ಎಂಬ ಚಿಕ್ಕ ಬೋರ್ಡ್ ಬಳಸುತ್ತಾರೆ, ಕಾರ್ಡ್ ದೂರದ ಫ್ರೇಮ್‌ನಲ್ಲಿ ಕುಳಿತು ಯುಎಸ್‌ಬಿ ಕೇಬಲ್‌ನ ಮೂಲಕ ಮಾತಾಡುತ್ತದೆ. ಆ ರೈಸರ್‌ಗೆ ಬೇರೆಯಾಗಿ ವಿದ್ಯುತ್ ಕೊಡಬೇಕು. ನಾನು ತರಿಸಿದ ರೈಸರ್‌ಗಳ ಡಬ್ಬಿಯಲ್ಲೇ ಸಾಟಾ ಕೇಬಲ್ ಇಟ್ಟಿದ್ದರು, ಡಬ್ಬಿಯಲ್ಲಿ ಬಂದದ್ದು ಸರಿಯಾಗಿಯೇ ಇರುತ್ತದೆಂದು ನಂಬಿ ಹಾಗೆಯೇ ಜೋಡಿಸಿದೆ. ಸಾಟಾ ಕನೆಕ್ಟರ್ ಹಾರ್ಡ್‌ಡಿಸ್ಕ್‌ಗಾಗಿ ಮಾಡಿದ್ದು, 12 ವೋಲ್ಟ್‌ನಲ್ಲಿ ಅದು ತಡೆಯುವುದು ಬರೀ 54 ವ್ಯಾಟ್. ಕಾರ್ಡ್ ಮಾತ್ರ ಸ್ಲಾಟ್‌ನ ಮೂಲಕ 75 ವ್ಯಾಟ್‌ವರೆಗೂ ಕೇಳಬಹುದು. ಮೂರನೆಯ ತಿಂಗಳಿನಲ್ಲಿ ಒಂದು ರಾತ್ರಿ ಸುಮಾರು ಎರಡು ಗಂಟೆಗೆ ಅಮ್ಮ, ಅಂದರೆ ನಿನ್ನ ಅಜ್ಜಿ, ಸುಟ್ಟ ವಾಸನೆಗೆ ಎಚ್ಚರಗೊಂಡು ನನ್ನನ್ನು ಎಬ್ಬಿಸಿದರು. ಕನೆಕ್ಟರ್‌ನ ಪ್ಲಾಸ್ಟಿಕ್ ಕರಗಿ ಪಿನ್‌ಗಳಿಗೆ ಅಂಟಿಕೊಂಡಿತ್ತು, ತಂತಿಯ ಹಳದಿ ಹೊದಿಕೆ ಕಂದು ಬಣ್ಣಕ್ಕೆ ತಿರುಗಿತ್ತು. ಆ ಹೊತ್ತಿನಲ್ಲೂ ರಿಗ್ ನಿಂತಿರಲಿಲ್ಲ. ನನ್ನ ಫೋನ್‌ನಲ್ಲಿ 240 ಮೆಗಾಹ್ಯಾಶ್, ನಾಲ್ಕೂ ಕಾರ್ಡ್‌ಗಳ ತಾಪ ಸರಿ, ಎಲ್ಲವೂ ಹಸಿರು ಎಂದೇ ತೋರಿಸುತ್ತಿತ್ತು. ಅಮ್ಮ ಪಕ್ಕದ ಕೋಣೆಯಲ್ಲಿ ಮಲಗಿರದಿದ್ದರೆ ಏನಾಗುತ್ತಿತ್ತೆಂದು ನಾನು ಇಂದಿಗೂ ಯೋಚಿಸುತ್ತೇನೆ. ನಿಮ್ಮ ಮನೆಯಲ್ಲಿ ರಾತ್ರಿ ಎಲ್ಲರೂ ಮಲಗುವುದು ಕೆಳಗೆ, ರಿಗ್ ಇರುವುದು ಮೇಲೆ.

ಹಾಗಾಗಿ ಯಾರೇ ಕಟ್ಟಲಿ, ಸಾಟಾ ಕೇಬಲ್‌ನಿಂದ ರೈಸರ್‌ಗೆ ವಿದ್ಯುತ್ ಕೊಡಲೇಬಾರದು, ಪವರ್ ಸಪ್ಲೈನಿಂದ ನೇರವಾಗಿ ಬರುವ ಆರು ಪಿನ್‌ನ ಕೇಬಲ್ ಮಾತ್ರ ಬಳಸಬೇಕು. ಎರಡು ಪವರ್ ಸಪ್ಲೈ ಇದ್ದರೆ ಒಂದು ಕಾರ್ಡ್ ಮತ್ತು ಅದರ ರೈಸರ್ ಒಂದೇ ಪವರ್ ಸಪ್ಲೈಗೆ ಸೇರಿರಬೇಕು. 900 ವ್ಯಾಟ್‌ನ ರಿಗ್‌ಗೆ 1,200 ವ್ಯಾಟ್‌ನ, 80 ಪ್ಲಸ್ ಗೋಲ್ಡ್ ಎಂಬ ದಕ್ಷತೆಯ ದರ್ಜೆಯ ಸಪ್ಲೈಗಿಂತ ಕಡಿಮೆಯದನ್ನು ನಾನು ಒಪ್ಪುವುದಿಲ್ಲ. ಗೋಡೆಯ ಕಡೆಗೆ ಬಂದರೆ, 230 ವೋಲ್ಟ್‌ನಲ್ಲಿ ಇದು ನಾಲ್ಕು ಆಂಪಿಯರ್‌ನಷ್ಟೇ ಎಂದು ನೀನು ಹೇಳಬಹುದು, ನಿಜ, ಆದರೆ ಇಸ್ತ್ರಿಪೆಟ್ಟಿಗೆ ಹತ್ತು ನಿಮಿಷ ಎಳೆಯುವುದಕ್ಕೂ ರಿಗ್ ತಿಂಗಳುಗಟ್ಟಲೆ ಬಿಡದೆ ಎಳೆಯುವುದಕ್ಕೂ ವ್ಯತ್ಯಾಸವಿದೆ. ಸ್ವಿಚ್‌ಬೋರ್ಡ್‌ನ ಸಡಿಲ ಸ್ಕ್ರೂ ಒಂದೇ ಸಾಕು, ಅಲ್ಲಿ ಶಾಖ ಕೂಡುತ್ತ ಹೋಗುತ್ತದೆ. ಆ ಮನೆಯ ವೈರಿಂಗ್ ಅಪ್ಪ ಕಟ್ಟಿಸಿದ ಕಾಲದ್ದು, ಮಹಡಿ ಕೋಣೆಗೆ ಕೆಳಗಿನ ಹಾಲ್‌ನ ಲೈನ್‌ನಿಂದಲೇ ಎಳೆದದ್ದು ನನಗೆ ನೆನಪಿದೆ. ಡಿಬಿಯಿಂದ, ಅಂದರೆ ಮನೆಯ ಲೈನ್‌ಗಳು ಕವಲೊಡೆಯುವ ಪೆಟ್ಟಿಗೆಯಿಂದ, ಬೇರೆಯೇ ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನೇ ಕಡಿತಗೊಳಿಸುವ ಸ್ವಿಚ್) ಹಾಕಿ, 2.5 ಚದರ ಮಿಲಿಮೀಟರ್ ತಾಮ್ರದ ತಂತಿ ಎಳೆದು, ಸರಿಯಾದ ಅರ್ತಿಂಗ್ ಇರುವ 16 ಆಂಪಿಯರ್ ಸಾಕೆಟ್ ಹಾಕಿಸದೆ ಅಲ್ಲಿ ರಿಗ್ ಇಡುವಂತಿಲ್ಲ. ಎಕ್ಸ್‌ಟೆನ್ಶನ್ ಬಾಕ್ಸ್ ಬೇಡವೇ ಬೇಡ. ಮನೆಯ ಇನ್ವರ್ಟರ್‌ಗೆ ಸೇರಿಸುವುದೂ ಬೇಡ.

ಶಾಖದ ಬಗ್ಗೆಯೂ ಒಂದು ಮಾತು. ಒಳಗೆ ಹೋದ 900 ವ್ಯಾಟ್ ಅಷ್ಟೂ ಕೊನೆಗೆ ಶಾಖವಾಗಿಯೇ ಹೊರಬರುತ್ತದೆ, ಅಂದರೆ ಶೀಟ್ ಹೊದಿಸಿದ ಆ ಕೋಣೆಯಲ್ಲಿ ಏಪ್ರಿಲ್‌ನ ಬಿಸಿಲಿಗೆ ಜೊತೆಯಾಗಿ ಒಂದು ಹೀಟರ್ ದಿನವಿಡೀ ಉರಿಸಿಟ್ಟಂತೆ. ಮೈಸೂರಿನ ತಂಪಿನಲ್ಲೇ ನಾನು ಎಕ್ಸಾಸ್ಟ್ ಫ್ಯಾನ್ ಹಾಕಿಸಬೇಕಾಯಿತು. ಎಸಿ ಹಾಕೋಣವೆಂದರೆ ಮೀಟರ್ ಲೆಕ್ಕಕ್ಕೆ ಮರಳಿ ಬರಬೇಕಾಗುತ್ತದೆ.

ನಾನು ಗಳಿಸಿದ್ದೇನು ಎಂದು ಅತ್ತಿಗೆ ಹಿಂದೊಮ್ಮೆ ಕೇಳಿದ್ದರು. ಕಾರ್ಡ್‌ಗಳನ್ನು ಮೂಲ ಬೆಲೆಯ ಸುಮಾರು ಎರಡು ಪಟ್ಟು ಕೊಟ್ಟು ಕೊಂಡಿದ್ದೆ. ಹದಿನೈದು ತಿಂಗಳು ಓಡಿಸಿ, ಕೊನೆಗೆ ಅವನ್ನೂ ಮಾರಿದ ಮೇಲೆ ಹಾಕಿದ ಹಣ ಹೆಚ್ಚುಕಡಿಮೆ ಹಿಂದಿರುಗಿತು, ಅದಕ್ಕಿಂತ ಹೆಚ್ಚೇನೂ ಇಲ್ಲ. ಅದೂ ಈಥೀರಿಯಂ ಇದ್ದ ಕಾಲದಲ್ಲಿ.

ಚೇತನ್, ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಗ್ರಾಚ್ಯುಟಿಯ ಹಣದಲ್ಲಿ ಒಂದು ರೂಪಾಯಿಯನ್ನೂ ಇದಕ್ಕೆ ಹಾಕಬಾರದು. ಕಲಿಯುವ ಆಸೆಯಿದ್ದರೆ ಆರರಲ್ಲಿ ಒಂದೇ ಒಂದು ಕಾರ್ಡ್ ಕೊಳ್ಳೋಣ, ಅರ್ಧ ಹಣ ನಾನು ಕೊಡುತ್ತೇನೆ. ಅದನ್ನು ನಿನ್ನ ಕಂಪ್ಯೂಟರ್‌ನ ಸ್ಲಾಟ್‌ಗೇ ನೇರವಾಗಿ ಹಾಕಿ, ರೈಸರ್ ಇಲ್ಲದೆ, ನೀನು ಎದುರಿಗೆ ಕುಳಿತಿರುವಾಗ ಮಾತ್ರ ಓಡಿಸು. ಚಿಪ್‌ನ ವೇಗ ಇಳಿಸುವುದು, ಮೆಮೊರಿ ಏರಿಸುವುದು, ವ್ಯಾಟ್ ಅಳೆಯುವುದು ಎಲ್ಲವನ್ನೂ ಒಂದು ಕಾರ್ಡ್‌ನಲ್ಲೇ ಕಲಿಯಬಹುದು, ಮುಂದೆ ನಿನ್ನ ಪ್ರಾಜೆಕ್ಟ್‌ನ ಚಿತ್ರ ಗುರುತಿಸುವ ಕೆಲಸಕ್ಕೂ ಅದು ಬರುತ್ತದೆ. ಕೊಳ್ಳುವಾಗ ಮೂಲ ಬಿಲ್ ಕೇಳು, ಸೀರಿಯಲ್ ಸಂಖ್ಯೆ ಹೋಲಿಸು, ಫ್ಯಾನ್‌ಗಳನ್ನು ಕೈಯಿಂದ ತಿರುಗಿಸಿ ಅಲುಗಾಟ ನೋಡು, ಅರ್ಧ ಗಂಟೆ ಪೂರ್ತಿ ಲೋಡ್‌ನಲ್ಲಿ ಓಡಿಸಿ ತೋರಿಸದಿದ್ದರೆ ಎದ್ದು ಬಾ.

ಅಣ್ಣ, ನಿಮ್ಮ ಮೀಟರ್, ಡಿಬಿ ಮತ್ತು ಕಳೆದ ತಿಂಗಳ ಬಿಲ್‌ನ ಫೋಟೊಗಳನ್ನು ನನಗೆ ಕಳುಹಿಸಿ. ರಿಗ್ ಬರಲಿ ಬಿಡಲಿ, ಮಹಡಿಯ ಆ ಲೈನ್ ಅನ್ನು ಒಮ್ಮೆ ನೋಡಲೇಬೇಕು, ಮುಂದಿನ ಭಾನುವಾರ ನಾನೇ ತಂತಿಯಲ್ಲಿ ಹರಿಯುವ ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ತೆಗೆದುಕೊಂಡು ಬರುತ್ತೇನೆ. ಚೇತನ್, ಮಾರುವವರು ಇಂದೇ ಮುಂಗಡ ಕೇಳುತ್ತಿದ್ದಾರೆಂದು ಬರೆದಿದ್ದೆ. ಇನ್ನೂ ಕೊಟ್ಟಿಲ್ಲವೆಂದು ಇದನ್ನು ಕೇಳಿದ ಕೂಡಲೇ ಚಿಕ್ಕಪ್ಪನಿಗೆ ಒಂದು ಸಾಲು ಬರೆದು ತಿಳಿಸು.