ಸ್ಯಾಂ-ಮಾರ್‌ಗೆ 22ನೇ ವಯಸ್ಸಿಗೇ ಮರಣದಂಡನೆ: ಇದು ನ್ಯಾಯವೇ?

ಹಳೇಪುಟ: 1642ರ ಸೆಪ್ಟೆಂಬರ್ 12ರಂದು ಫ್ರಾನ್ಸಿನ ಲಿಯೋಂ ನಗರದ ತೆರೋ ಚೌಕದಲ್ಲಿ ಸ್ಯಾಂ-ಮಾರ್‌ನ ಮಾರ್ಕ್ವಿಸ್ (ಅದೊಂದು ಕುಲೀನ ಬಿರುದು) ಆನ್ರಿಯ ತಲೆ ಕಡಿದರು. ಸ್ಯಾಂ-ಮಾರ್ ಅಂದರೆ ಇವನೇ. ವಯಸ್ಸು 22. ಮೂರು ವರ್ಷದ ಹಿಂದಷ್ಟೇ ಅವನು ರಾಜ 13ನೇ ಲೂಯಿಯ ಅಶ್ವಶಾಲೆಗಳ ಮುಖ್ಯಸ್ಥನಾಗಿದ್ದ, ಅದು ಆಸ್ಥಾನದ ದೊಡ್ಡ ಹುದ್ದೆ. ತಂದೆ ಸತ್ತ ಈ ಹುಡುಗನನ್ನು ರಾಜನ ಹತ್ತಿರ ತಂದು ಬಿಟ್ಟವನು ಮಂತ್ರಿ, ಕಾರ್ಡಿನಲ್ ರಿಶಲ್ಯೂ. ರಾಜನ ಆಪ್ತ ತನ್ನ ಕಡೆಯವನಾಗಿರಲಿ ಅನ್ನುವುದು ಅವನ ಲೆಕ್ಕ. ಲೆಕ್ಕ ತಪ್ಪಿದಾಗ ಹುಡುಗನನ್ನೇ ಮುಗಿಸಿದ. ನನ್ನ ಪ್ರಕಾರ ಇದು ಅನ್ಯಾಯ.

ಕೋಟೆಬಾಗಿಲು: ನಾನು ಒಪ್ಪುವುದಿಲ್ಲ. 1635ರಿಂದಲೇ ಫ್ರಾನ್ಸಿಗೂ ಸ್ಪೇನಿಗೂ ಯುದ್ಧ ನಡೀತಿತ್ತು. 1642ರ ಮಾರ್ಚ್‌ನಲ್ಲಿ ಸ್ಯಾಂ-ಮಾರ್ ಗುಂಪಿನ ಫೋಂತ್ರಾಯ್ ಮ್ಯಾಡ್ರಿಡ್‌ಗೆ ಹೋಗಿ, ಸ್ಪೇನಿನ ಮಂತ್ರಿ ಒಲಿವಾರೆಸ್ ಜೊತೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡ. ರಿಶಲ್ಯೂನನ್ನು ಕೆಳಗಿಳಿಸಲು ಸ್ಪೇನ್ ಸೈನ್ಯ, ದುಡ್ಡು ಕೊಡಬೇಕು ಅಂತ. ಅದೇ ಸಮಯದಲ್ಲಿ ಫ್ರೆಂಚ್ ಸೈನಿಕರು ಸ್ಪೇನಿನ ಕೈಲಿದ್ದ ಪೆರ್ಪಿನ್ಯಾಂ ಕೋಟೆಗಾಗಿ ಸಾಯ್ತಾ ಇದ್ದರು. ಇದು ದ್ರೋಹ ಅಲ್ವಾ?

ಹೊಸಬ: ಒಂದು ಪ್ರಶ್ನೆ. ರಿಶಲ್ಯೂನೇ ಮೇಲೆ ತಂದವನಲ್ಲವೇ? ಹಾಗಿದ್ದರೆ ಅಷ್ಟೊಂದು ದ್ವೇಷ ಯಾಕೆ?

ಹಳೇಪುಟ: ಹುಡುಗನಿಗೆ ಮರಿ ದ ಗೊಂಜಾಗ್ ಮೇಲೆ ಮನಸ್ಸಾಗಿತ್ತು. ಡ್ಯೂಕ್ ಮನೆತನದ ಹೆಣ್ಣು, ಮುಂದೆ ಪೋಲೆಂಡಿನ ರಾಣಿಯಾದವಳು. ಈ ಮದುವೆಗೆ ರಿಶಲ್ಯೂ ಅಡ್ಡ ಬಂದ. ರಾಜನ ಸಭೆಯಲ್ಲಿ ಕೂರಲೂ ಬಿಡಲಿಲ್ಲ. ಇತ್ತ ರಾಜ, ಇವನು ರಿಶಲ್ಯೂನನ್ನು ಬೈದುಕೊಳ್ಳುವುದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ. ಇಪ್ಪತ್ತರ ಹುಡುಗ ಅದನ್ನು ಒಪ್ಪಿಗೆ ಅಂದುಕೊಂಡರೆ ಆಶ್ಚರ್ಯವಿಲ್ಲ.

ತುಂಗಾತೀರ: ನನಗೆ ಜಾಸ್ತಿ ನೋವಾಗೋದು ದ ತೂ ವಿಷಯದಲ್ಲಿ. ಸ್ಯಾಂ-ಮಾರ್‌ನ ಗೆಳೆಯ, ಹೆಸರಾಂತ ಇತಿಹಾಸಕಾರನ ಮಗ. ಸ್ಪೇನಿನ ಒಪ್ಪಂದ ಅವನಿಗೆ ಗೊತ್ತಿತ್ತು, ಆದರೆ ಯಾರಿಗೂ ಹೇಳಲಿಲ್ಲ. ಅಷ್ಟಕ್ಕೇ ಅದೇ ದಿನ, ಅದೇ ಜಾಗದಲ್ಲಿ ಅವನ ತಲೆಯನ್ನೂ ತೆಗೆದರು. ಗೆಳೆಯನನ್ನು ಹಿಡಿದುಕೊಡದೇ ಇದ್ದದ್ದು ಸಾವಿಗೆ ತಕ್ಕ ಅಪರಾಧವೇ? ಇನ್ನೊಂದು ಕಡೆ ನೋಡಿ. ರಾಜನ ಸ್ವಂತ ತಮ್ಮ ಗಾಸ್ಟನ್ ಈ ಸಂಚಿನಲ್ಲಿದ್ದ. ಎಲ್ಲ ಬಾಯಿಬಿಟ್ಟು ಜೀವ ಉಳಿಸಿಕೊಂಡ. ಸಂಚಿನಲ್ಲೇ ಇದ್ದ ಬುಯೋಂ ಡ್ಯೂಕ್ ತನ್ನ ಸೆಡಾನ್ ಕೋಟೆ ಬಿಟ್ಟುಕೊಟ್ಟು ಬಚಾವಾದ. ಕೊಡಲು ಕೋಟೆ ಇಲ್ಲದವರು ಸತ್ತರು.

ಕೋಟೆಬಾಗಿಲು: ದ ತೂ ವಿಷಯದಲ್ಲಿ ನಿಮ್ಮ ಮಾತಿಗೆ ನನ್ನದೂ ಒಪ್ಪಿಗೆ ಇದೆ. ಅವನಿಗಾಗಿ 11ನೇ ಲೂಯಿಯ ಕಾಲದ ಕಾನೂನನ್ನು ಹುಡುಕಿ ತೆಗೆದರು. 1477ರದ್ದು ಅದು. ಆದರೆ ಗಾಸ್ಟನ್ ತಪ್ಪಿಸಿಕೊಂಡ ಅಂದ ಮಾತ್ರಕ್ಕೆ ಸ್ಯಾಂ-ಮಾರ್ ನಿರಪರಾಧಿ ಆಗುವುದಿಲ್ಲ. ಗಾಸ್ಟನ್‌ಗೂ ಶಿಕ್ಷೆ ಆಗಬೇಕಿತ್ತು ಅನ್ನಿ, ಅದನ್ನು ಒಪ್ಪುತ್ತೇನೆ.

ತುಂಗಾತೀರ: ರಾಜನ ತಮ್ಮನಿಗೆ ಶಿಕ್ಷೆ ಕೊಡೋರು ಯಾರು? ಹಾಗಾಗಿಯೇ ನಾನು ಇದನ್ನು ನ್ಯಾಯ ಅನ್ನಲಾರೆ. ಶಿಕ್ಷೆ ಜಾರಿಯಾದ ರೀತಿ ಕೂಡ ಘೋರ. ಕೊಡಲಿ ಹಿಡಿದವನಿಗೆ ಆ ಕೆಲಸದ ಅಭ್ಯಾಸವೇ ಇರಲಿಲ್ಲ. ಒಂದೇ ಏಟಿಗೆ ಮುಗಿಯಲಿಲ್ಲ.

ಹೊಸಬ: ಆಮೇಲೆ ರಿಶಲ್ಯೂ ಕತೆ ಏನಾಯಿತು?

ಹಳೇಪುಟ: ಆಗಲೇ ಅವನ ಆರೋಗ್ಯ ಪೂರ್ತಿ ಕೆಟ್ಟಿತ್ತು. ಅದೇ ಡಿಸೆಂಬರ್ 4ಕ್ಕೆ ತೀರಿಕೊಂಡ. ಮುಂದಿನ ಮೇ ತಿಂಗಳಲ್ಲಿ ರಾಜನೂ ಹೋದ. ಮಾರ್ಚ್‌ನಿಂದ ಒಂಬತ್ತು ತಿಂಗಳು ಸುಮ್ನೆ ಇದ್ದಿದ್ದರೂ ಸಾಕಿತ್ತು, ಆ ಹುಡುಗ ಇಳಿಸಲು ಹೊರಟವನು ತಾನಾಗೇ ಹೋಗುತ್ತಿದ್ದ.